ಡಬ್ಬಿ ಆರುವ ತನಕ

ಮೂರ್ತಣ್ಣ ಕುರ್ಚಿಯಲ್ಲಿ ಬೆನ್ನೊರಗಿಸಿ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಉಳಿದಂತೆ ಅಂಚಿನಲ್ಲಿ ಕೂತು ಮೊಣಕಾಲು ಕುಣಿಸುತ್ತ, ಕಾಫಿ ಲೋಟ ಹಿಡಿದೇ ಓಡಾಡುತ್ತ, ತಿಪಟೂರು ಸುತ್ತಿನ ಕೊಬ್ಬರಿ ಪುಡಿ ಕಾರ್ಖಾನೆಗಳ ಕಾವಿನ ಮೀಟರು ರಿಪೇರಿ ಮಾಡಿಕೊಂಡಿದ್ದವರು. ಬಗಲಲ್ಲಿ ಸದಾ ಟವೆಲು ಸುತ್ತಿದ ಕ್ಯಾಲಿಬ್ರೇಟರು. ಅವರ ಬಾಯಲ್ಲಿ ಅದು 'ಡಬ್ಬಿ'. ಡ್ರೈಯರಿನೊಳಗೆ ಬಿಸಿ ಅಳೆಯುವ ಥರ್ಮೋಕಪಲ್ ಕಡ್ಡಿ ಕಳಿಸುವಂಥದೇ ಸಿಗ್ನಲು ಕಳಿಸಿ ಮೀಟರಿನ ನಿಯತ್ತು ಪರೀಕ್ಷಿಸುವ ಯಂತ್ರ.

ಎಂಬತ್ತರ ದಶಕದ ಒಂದು ಬೇಸಿಗೆ. ತುರುವೇಕೆರೆ ರಸ್ತೆಯ ನಮ್ಮ ಕಾರ್ಖಾನೆಯಲ್ಲಿ ನಾನು ಡ್ರೈಯರ್ ಮೇಲ್ವಿಚಾರಕ. ಕೆಲಸಕ್ಕಿಂತ ಚಿಂತೆಯನ್ನೇ ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದೆ. ಮೀಟರು ಬೇಕಾದ ತೊಂಬತ್ತು ಡಿಗ್ರಿಯನ್ನೇ ತೋರಿಸುತ್ತಿದ್ದರೂ ಪುಡಿ ಕಾವು ಮೀರಿ ಹಳದಿಯಾಗುತ್ತಿತ್ತು. ಡ್ರೈಯರ್ ನಿಲ್ಲಿಸಿದೆವು. ತುರಿದ ಕಾಯಿ ರಾಶಿ ಬಿದ್ದಿತ್ತು. ಸಂಜೆಗೆ ಹುಳಿ ಬರುವುದು ಖಂಡಿತ.

ಮಧ್ಯಾಹ್ನದ ಬಸ್ಸಿಳಿದು ಬಂದ ಮೂರ್ತಣ್ಣ ಡಬ್ಬಿಯನ್ನು ಮೀಟರಿಗೆ ಜೋಡಿಸಿ ತೊಂಬತ್ತಕ್ಕೆ ಇಟ್ಟರು. ಮೀಟರು ತೋರಿಸಿದ್ದು ಎಪ್ಪತ್ತೇಳು.

"ಸಿಕ್ತಲ್ಲ ಕಳ್ಳ. ಕಡಿಮೆ ತೋರಿಸ್ತೈತೆ. ಸ್ಕ್ರೂ ತಿರುಗ್ಸಿ ಬುಡಿ," ಎಂದೆ.

ಅವರು ಡಬ್ಬಿಯ ಬೆನ್ನು ಸವರಿದರು. "ಬಸ್ಸಲ್ಲಿ ಬಿಸ್ಲು ಕಡೆ ಕೂತಿದ್ದೆ ಕಣ್ರೀ, ಇದು ಕಾದೈತೆ. ಕಡ್ಡಿ ಲೋಹದ್ದೇ ವೈರ್ ಬೇರೆ ಶೆಟ್ಟಿಕೆರೇಲಿ ಮರ್ತು ಬಂದೆ, ಇದು ಬರೀ ತಾಮ್ರ. ಡಬ್ಬಿ ಲೆಕ್ಕದಲ್ಲಿ ತನ್ನ ಬಿಸಿ ಕಳೆದು ಕಳಿಸ್ತದೆ, ಮೀಟ್ರು ತನ್ನ ಬಿಸಿ ಕೂಡ್ಕಂಡು ಓದ್ತದೆ. ಇಬ್ರೂ ಒಂದೇ ಬಿಸಿಗೆ ಬರೋಗಂಟ ಲೆಕ್ಕ ಸುಳ್ಳು."

ಡಬ್ಬಿಯನ್ನು ಮೀಟರಿನ ಪಕ್ಕ ಇಟ್ಟು ಒರಗಿ ಕೂತರು. ಮೊಣಕಾಲು ಕೂಡ ಕುಣಿಯಲಿಲ್ಲ. ಮಾಲೀಕರು ಬಾಗಿಲಲ್ಲಿ ಇಣುಕಿ, "ಕಾಯಿ ಹುಳಿ ಬತ್ತವೆ ಕಣಪ್ಪ," ಎಂದರು. ಮೂರ್ತಣ್ಣನ ಪಾಲಿನ ಕುಣಿತವನ್ನೆಲ್ಲ ನಾನೇ ಕುಣಿದೆ. ಗಳಿಗೆಗೊಮ್ಮೆ ಡಬ್ಬಿ ಮುಟ್ಟಿ ನೋಡಿದೆ.

"ಮುಟ್ಬೇಡಿ. ನಿಮ್ ಕೈ ಬಿಸೀನೂ ಸೇರ್ಕತದೆ."

ಕೊನೆಗೂ ಡಬ್ಬಿ ಆರಿತು. ಈಗ ಮೀಟರು ತೊಂಬತ್ತೇ ತೋರಿಸಿತು. ಮೀಟರು ಸರಿ ಎಂದಮೇಲೆ ತಪ್ಪು ಡ್ರೈಯರಿನ ಕಡೆಯದು. ನಾನು ಅಷ್ಟು ಯೋಚಿಸುವುದರೊಳಗೆ ಮೂರ್ತಣ್ಣ ಎದ್ದು ಓಡಿಯಾಗಿತ್ತು. ತೊಳೆಯುವಾಗ ಯಾರೋ ಎಳೆದ ಕಡ್ಡಿ ಅರ್ಧ ಹೊರಗೆ, ತಣ್ಣನೆ ಗಾಳಿಯಲ್ಲಿ, ಒಳಗಿನ ಕಾವನ್ನು ಕಡಿಮೆ ಹೇಳುತ್ತ ನಿಂತಿತ್ತು. ಒಳಗೆ ತಳ್ಳಿದರು. ಸಂಜೆಯ ಪುಡಿ ಬೆಳ್ಳಗೆ ಬಂತು. ನನ್ನ ಮಾತು ಕೇಳಿ ಸ್ಕ್ರೂ ತಿರುಗಿಸಿದ್ದರೆ ಸರಿಯಿದ್ದ ಮೀಟರೂ ಕೆಡುತ್ತಿತ್ತು.

ಕೊನೆಯ ಸಲ ಕಂಡದ್ದು ತಿಪಟೂರು ಬಸ್ ನಿಲ್ದಾಣದಲ್ಲಿ. ಹೊರಡಲಿದ್ದ ಬಸ್ಸಿನೊಳಗೆ ನೆರಳಿನ ಕಡೆಯ ಸೀಟಿನಲ್ಲಿ ಡಬ್ಬಿ ಕೂತಿತ್ತು. ಪಕ್ಕದಲ್ಲಿ ಅವರು ನಿಂತಿದ್ದರು. ಕಿಟಕಿಯಿಂದ ಬಾಗಿ, "ನನ್ನ ಕರೆಯೋಕ್ ಮುಂಚೆ ಕಡ್ಡಿ ಒಳಗೈತಾ ನೋಡಿ ಕಣ್ರೀ," ಎಂದರು.

ದಿನವೂ ನೋಡಿದೆ. ಹಾಗಾಗಿ ಕರೆಯುವ ಪ್ರಮೇಯವೇ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ಅವರ ಊರು ಹಂದನಕೆರೆಯಿಂದ ಬಂದ ದಿನವೂ ಮೀಟರು ಸರಿಯಾಗಿ ತೊಂಬತ್ತು ತೋರಿಸುತ್ತಿತ್ತು. ನಡುವೆ ಒಮ್ಮೆಯಾದರೂ ಅದು ಕೆಡಬಾರದಿತ್ತೇ ಅನ್ನಿಸಿತು.