ಗುಡುಗಕ್ಕನ ಜೊಂಡು

ನಮ್ಮ ಕೆರೆಯ ದಡದಲ್ಲಿ ಆರು ಕೋಣೆಗಳ ಲಾಡ್ಜ್ ನಡೆಸುವ ಯಜಮಾನಿಯನ್ನು ಎಲ್ಲರೂ ಕರೆಯುವುದು ಗುಡುಗಕ್ಕ ಅಂತ. ಬೆನ್ನ ಹಿಂದೆ ಮಾತ್ರ! ಎದುರಿಗೆ ಬರೀ ಅಕ್ಕ. ಒಮ್ಮೆ ಒಬ್ಬ ಅತಿಥಿ, "ಮೇಡಂ, ಈ ಕಪ್ಪೆಗಳ ಸೌಂಡ್ ಸ್ವಲ್ಪ ಕಮ್ಮಿ ಮಾಡ್ಸಿ" ಅಂದಿದ್ದ.

"ನೀವೇ ಹೋಗಿ ಹೇಳಿ. ಅವು ನಿಮಗಿಂತ ಮುಂಚೆ ರೂಮ್ ಹಿಡಿದಿರೋದು" ಅಂದಳು ಅಕ್ಕ.

ಲಾಡ್ಜಿನ ಜೀವವೆಲ್ಲ ಹಿತ್ತಲಿನ ಜೊಂಡಿನಲ್ಲಿತ್ತು. ಆಳೆತ್ತರದ ಹುಲ್ಲು. ಕೋಣೆಗಳ ಸ್ನಾನದ ನೀರು ಅದರೊಳಗೆ ಹಾದು, ಕೊಳೆಯನ್ನು ಅಲ್ಲೇ ಬಿಟ್ಟು, ತಿಳಿಯಾಗಿ ಕೆರೆ ಸೇರುತ್ತಿತ್ತು. ಗೀಜಗಗಳು ಗೂಡು ಕಟ್ಟುತ್ತಿದ್ದದ್ದೂ ಅದರಲ್ಲೇ. ಮರಿಗಳು ಹಾರಿಹೋದ ಮೇಲೆ ಕೇರಿಯ ಹೆಂಗಸರು ಜೊಂಡು ಕೊಯ್ದು ಚಾಪೆ ನೇಯುತ್ತಿದ್ದರು. ಅದಕ್ಕೂ ಮೊದಲು ಯಾರೂ ಕುಡುಗೋಲು ತರುವಂತಿಲ್ಲ. ಅಕ್ಕನ ಕಾನೂನು ಅಂದರೆ ಕಾನೂನು.

ಈ ಸಲ ಪರಿಸರ ಸಂಸ್ಥೆಯೊಂದರಿಂದ ಇಬ್ಬರು ಪರಿಶೀಲನೆಗೆ ಬರುವವರಿದ್ದರು. ಅವರು ಮೆಚ್ಚಿ ಪ್ರಮಾಣಪತ್ರ ಕೊಟ್ಟರೆ ವರ್ಷವಿಡೀ ಕೋಣೆಗಳು ತುಂಬುತ್ತವೆ, ಕೇರಿಯವರಿಗೆ ಕೈತುಂಬ ಕೆಲಸ. ಅವರನ್ನು ಕರೆತರಲು ಹಿಂದಿನ ದಿನವೇ ಪೇಟೆಗೆ ಹೊರಟ ಅಕ್ಕ, ಬುಕಿಂಗ್ ನೋಡಿಕೊಳ್ಳುವ ತಮ್ಮನಿಗೆ ಹೇಳಿದಳು: "ನಾವು ಬರೋಷ್ಟರಲ್ಲಿ ಎಲ್ಲಾ ಹಸಿರಾಗಿ ಕಾಣ್ಬೇಕು ಕಣೋ."

ಅವಳ ಲೆಕ್ಕದಲ್ಲಿ ಹಸಿರು ಅಂದರೆ ಗೊಬ್ಬರದ ಗುಂಡಿ, ಬಿಸಿಲಿನ ಹೀಟರು, ಪ್ಲಾಸ್ಟಿಕ್ ಇಲ್ಲದ ಅಡುಗೆಮನೆ. ತಮ್ಮನ ಲೆಕ್ಕದಲ್ಲಿ ಅದು ಬಣ್ಣ! ಜೊಂಡಿನ ತುದಿಗಳು ಕಂದುಬಣ್ಣಕ್ಕೆ ತಿರುಗಿದ್ದವು. ಪುಣ್ಯಾತ್ಮ ಯಂತ್ರ ತರಿಸಿ ಬುಡದವರೆಗೂ ಕತ್ತರಿಸಿದ. ಮೇಲೆ ಚಾಪೆಯಂತೆ ಸುತ್ತಿ ಬರುವ ಲಾನ್ ಹುಲ್ಲು ಹಾಸಿದ. ಸಾಲದೆಂದು ಕಾಂಪೌಂಡಿಗೆ ಹಸಿರು ಪೇಂಟು ಬೇರೆ.

ಮರುದಿನ ಪರಿಶೀಲಕರ ಜೊತೆ ಹಿತ್ತಲಿಗೆ ಕಾಲಿಟ್ಟ ಅಕ್ಕ ಅಲ್ಲೇ ನಿಂತುಬಿಟ್ಟಳು. ಕೊಕ್ಕಿನಲ್ಲಿ ಹುಳ ಹಿಡಿದ ಗೀಜಗವೊಂದು ಖಾಲಿ ಗಾಳಿಯಲ್ಲಿ ಸುತ್ತುತ್ತಿತ್ತು. ಗೂಡುಗಳೆಲ್ಲ ಮೂಲೆಯ ಕಸದ ರಾಶಿಯಲ್ಲಿದ್ದವು.

"ಏನೋ ಇದು?"

"ಹಸಿರು ಅಕ್ಕ. ನೀನೇ ಹೇಳಿದ್ಯಲ್ಲ."

"ನಿನ್ ತಲೆಗೂ ಹಚ್ಕೋಬೇಕಿತ್ತು ಆ ಪೇಂಟು! ಮರಿಗಳಿದ್ವಲ್ಲೋ ಅದರೊಳಗೆ!"

"ಅವ್ರ ಮುಂದೆ ಬೇಡ ಅಕ್ಕ..."

"ಅವ್ರ ಮುಂದೇನೇ ಬೇಕು!"

ಅಕ್ಕ ಬಗ್ಗಿ ಹೊಸ ಹುಲ್ಲಿನ ಅಂಚು ಹಿಡಿದು ಎಳೆದಳು. ಕಂಬಳಿಯಂತೆ ಎದ್ದು ಬಂತು. ಗಲಾಟೆ ಕೇಳಿ ಓಡಿಬಂದ, ಕೇರಿಯಲ್ಲಿ ಚಾಪೆ ನೇಯುವ ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ಕೇಳಿದಳು: "ಇನ್ಮೇಲೆ ನಾವು ಏನ್ ನೇಯೋದಪ್ಪ? ನಿನ್ ಮೀಸೆನಾ?"

ತಮ್ಮ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ, "ಇಲ್ಲಿ ಮೊದಲಿಂದ ಲಾನೇ ಇತ್ತು ಅಂದ್ಬಿಡು. ಅವ್ರಿಗೇನ್ ಗೊತ್ತು?"

ಅಕ್ಕ ಅವನ ಮುಖ ನೋಡಿದಳು, ಆಮೇಲೆ ಪರಿಶೀಲಕರ ಕಡೆ ತಿರುಗಿದಳು. "ಇಲ್ಲಿ ಜೊಂಡಿತ್ತು. ನಮ್ಮ ಕೊಳೆ ನೀರು ತೊಳೀತಿದ್ದದ್ದು ಅದೇ. ನಿಮ್ಮನ್ನ ಮೆಚ್ಚಿಸೋಕೆ ನಾವೇ ಕತ್ತರಿಸಿದ್ವಿ."

ಅವರಲ್ಲಿ ಹಿರಿಯಾಕೆಗೆ ಮುಜುಗರ. "ನಾವು ಕಂಡದ್ದನ್ನೇ ಬರೀಬೇಕಾಗುತ್ತೆ ಅಮ್ಮ. ಈ ಸಲ ಪ್ರಮಾಣಪತ್ರ ಸಿಗೋದು ಕಷ್ಟ."

"ಬರೀರಿ. ಆ ರಾಶಿನೂ ನೋಡ್ಕೊಂಡು ಬರೀರಿ."

ಅಷ್ಟು ಹೇಳಿ ಅಕ್ಕ ಸೀದಾ ನೀರಿನ ಟ್ಯಾಂಕಿನ ಹತ್ತಿರ ಹೋಗಿ ಕೋಣೆಗಳ ಕೊಳಾಯಿ ಬಂದ್ ಮಾಡಿದಳು. "ಜೊಂಡು ಮತ್ತೆ ಎದ್ದು ನಿಲ್ಲೋವರೆಗೂ ಇಲ್ಲಿ ಯಾರ ಸೋಪಿನ ನೀರೂ ಕೆರೆಗೆ ಹೋಗಲ್ಲ. ಲಾಡ್ಜ್ ಬಂದ್."

"ಬುಕಿಂಗ್ ಆಗಿರೋವ್ರಿಗೆ ಏನ್ ಹೇಳ್ಲಿ?" ತಮ್ಮ ಫೋನು ಕೈಗೆತ್ತಿಕೊಂಡ. "ರಿಪೇರಿ ಇದೆ ಅಂದ್ಬಿಡ್ಲಾ?"

"ನಿಜ ಹೇಳು. ಹಸಿರಾಗೋಕೆ ಹೋಗಿ ಹಕ್ಕಿ ಮರಿ ಕೊಂದ್ವಿ ಅಂತ ಹೇಳು. ಒಬ್ಬೊಬ್ಬರಿಗೂ. ಈಗ್ಲೇ."

ಅಂಗಳದ ಕಟ್ಟೆಯ ಮೇಲೆ ಕೂತು ಅವನು ಮೊದಲ ಫೋನು ಹಚ್ಚಿದ. ಕಿತ್ತ ಹುಲ್ಲಿನ ಸುರುಳಿಯನ್ನು ತಳ್ಳುಗಾಡಿಗೆ ಎತ್ತಿಹಾಕುತ್ತಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು:

"ಜೋರಾಗಿ ಹೇಳೋ! ನಂಗೇ ಕೇಳಿಸ್ತಿಲ್ಲ!"