ಹನ್ನೊಂದು ಫೋನು ಹೊತ್ತು ಬಂಡೆ ಏರುವ ಯಮುನ

ಬೆಳಿಗ್ಗೆ ಆರೂಕಾಲು. ಪಾಲಿಬೆಟ್ಟದ ಆಚೆಯ ಕಾಫಿ ಎಸ್ಟೇಟೊಂದರ ಕೂಲಿಯವರ ಲೈನ್ ಮನೆಯಿಂದ ಯಮುನ ಹೊರಡುತ್ತಾರೆ. ತಲೆಗೆ ಟವೆಲ್ಲು, ಮೈಗೆ ಗಂಡನ ಹಳೇ ಸ್ವೆಟರ್ರು, ಹೆಗಲಲ್ಲೊಂದು ಬಟ್ಟೆಯ ಚೀಲ. ಚೀಲದೊಳಗೆ ಹನ್ನೊಂದು ಫೋನು. ಲೈನಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ; ಒಂದು ಕಿಲೋಮೀಟರ್ ಏರಿದರೆ ತೋಟದ ತುದಿಯ ಬಂಡೆಯ ಮೇಲೆ ಸಿಗುತ್ತದೆ. ಅಲ್ಲಿ ಗೋಣಿ ಹಾಸಿ, ಫೋನುಗಳನ್ನು ಸಾಲಾಗಿ ಜೋಡಿಸಿ, ಎದುರಿಗೆ ಕುಕ್ಕರುಗಾಲಲ್ಲಿ ಕೂರುತ್ತಾರೆ.

ಫೋನಿನ ಒಡತಿಯರು ಯಾರೂ ಇಲ್ಲಿಲ್ಲ. ಮಸ್ಕತ್ತು, ಕುವೈತು, ದೋಹಾಗಳಲ್ಲಿ ಮನೆಗೆಲಸಕ್ಕೆ ಹೋದವರು. ದುಡಿದದ್ದೆಲ್ಲ ಬರುವುದು ವಿರಾಜಪೇಟೆಯ ಬ್ಯಾಂಕಿಗೆ. ಖಾತೆ ಮುಟ್ಟಬೇಕಾದರೆ ಬ್ಯಾಂಕು ಒಂದು ಒಟಿಪಿ ಕಳಿಸುತ್ತದೆ, ಅದೂ ಊರಿನ ಸಿಮ್ಮಿಗೇ. ರೋಮಿಂಗಿಗೆ ದುಡ್ಡು ಸುರಿಯದಿದ್ದರೆ ಆ ಸಿಮ್ಮು ಅಲ್ಲಿ ಕೆಲಸ ಮಾಡದು. ಅದಕ್ಕೇ ಸಿಮ್ಮನ್ನು ಒಂದು ಹಳೇ ಫೋನಿಗೆ ಹಾಕಿ ಯಮುನ ಅವರ ಕೈಗಿಟ್ಟು ವಿಮಾನ ಹತ್ತಿದ್ದಾರೆ. ಇಲ್ಲಿ ಆರೂವರೆ ಎಂದರೆ ಮಸ್ಕತ್ತಿನಲ್ಲಿ ಐದು ಗಂಟೆ. ಯಜಮಾನಿ ಏಳುವ ಮೊದಲು ಅವರ ಕೈಗೆ ಬಿಡುವಿರುವುದು ಅದೊಂದೇ ಹೊತ್ತು. ಬಂಡೆಯ ಮೇಲೆ ಫೋನು ಸದ್ದು ಮಾಡುತ್ತದೆ, ಯಮುನ ತಮ್ಮ ಫೋನಿನಲ್ಲಿ ಅಂಕಿಗಳನ್ನು ಒಂದೊಂದಾಗಿ ಓದಿ ವಾಯ್ಸ್ ಮೆಸೇಜು ಕಳಿಸುತ್ತಾರೆ. ಒಟಿಪಿಯ ಅವಧಿ ಮುಗಿಯುವ ಮೊದಲು ಇಷ್ಟಕ್ಕೆಲ್ಲ ಇರುವುದು ಮೂರೇ ನಿಮಿಷ.

ಒಟಿಪಿ ಯಾರಿಗೂ ಹೇಳಬಾರದು ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಪ್ರತಿ ಮೆಸೇಜಿನ ಕೊನೆಗೂ ಅದನ್ನೇ ಬರೆದಿರುತ್ತದೆ. "ಹೇಳ್ಬೇಡ ಅಂತಾರೆ, ಸರಿ. ಹೇಳ್ದೆ ಇದ್ರೆ ಆ ಹೆಂಗಸ್ರು ಏನ್ ಮಾಡ್ಬೇಕು, ಅದನ್ನ ಮಾತ್ರ ಯಾರೂ ಬರೆಯಲ್ಲ" ಎನ್ನುತ್ತಾರೆ.

ವಿದೇಶದ ನಂಬರನ್ನೇ ಖಾತೆಗೆ ಸೇರಿಸಬಾರದೇ ಎಂದರೆ ಸೇರಿಸಬಹುದಂತೆ. ಖಾತೆಯನ್ನು ಅನಿವಾಸಿಗಳ ಖಾತೆಯಾಗಿ ಬದಲಿಸಬೇಕು, ಪಾಸ್‌ಪೋರ್ಟಿನ ಪ್ರತಿಗೆ ರಾಯಭಾರ ಕಚೇರಿಯ ಮೊಹರು ಬೇಕು. ಪಾಸ್‌ಪೋರ್ಟು ಎಲ್ಲಿದೆ? ಯಜಮಾನನ ಬೀರುವಿನಲ್ಲಿ. ಅದೇ ಬ್ಯಾಂಕಿನ ಗೋಡೆಯ ಮೇಲೆ ಕೋಟು ತೊಟ್ಟ ದಂಪತಿ ನಗುತ್ತಿರುವ ಚಿತ್ರವಿದೆ, ಕೆಳಗೆ ಅನಿವಾಸಿಗಳಿಗೆ ಸ್ವಾಗತ. ಪರರ ಪಾತ್ರೆ ತೊಳೆಯಲು ಸಮುದ್ರ ದಾಟಿದವರೂ ಅನಿವಾಸಿಗಳೇ ಎಂಬುದು ಆ ಚಿತ್ರ ಅಂಟಿಸಿದವರಿಗೆ ಹೊಳೆದಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಯಮುನ ಅವರಿಗೀಗ ನಲವತ್ತಾರು. ಪಿರಿಯಾಪಟ್ಟಣದ ಕಡೆಯಿಂದ ಹೆತ್ತವರ ಜೊತೆ ತೋಟದ ಕೆಲಸಕ್ಕೆ ಬಂದವರು. ತಾವೂ ನಾಲ್ಕು ವರ್ಷ ಮಸ್ಕತ್ತಿನಲ್ಲಿದ್ದರು. ಅಲ್ಲೊಂದು ಖಾತೆ ತೆರೆಯಲು ಹೋದಾಗ ಬಾಗಿಲ ಕಾವಲುಗಾರನೇ ಪಾಸ್‌ಪೋರ್ಟ್ ಕೇಳಿ ವಾಪಸು ಕಳಿಸಿದ. ಊರಿಗೆ ಬಂದರೆ ಇಲ್ಲಿಯ ಖಾತೆ ನಿಷ್ಕ್ರಿಯವಾಗಿತ್ತು. ಅದನ್ನು ಎಬ್ಬಿಸಲು ಎರಡು ತಿಂಗಳು ಅಲೆದರು. ಆ ಅಲೆದಾಟ ಬೇರೆಯವರಿಗೆ ಬೇಡವೆಂದು ಆರು ವರ್ಷದ ಹಿಂದೆ ಒಂದು ಸಿಮ್ಮು ಇಟ್ಟುಕೊಂಡರು. ಈಗ ಹನ್ನೊಂದಾಗಿದೆ. ರೀಚಾರ್ಜಿನ ಹಣ ಅವರವರ ಮನೆಯವರದು. ಇವರಿಗೆ ಸಿಗುವುದು, ಯಾರಾದರೂ ರಜೆಗೆ ಬಂದಾಗ ತರುವ ಒಂದು ಡಬ್ಬಿ ಖರ್ಜೂರ. ಎಂಟಕ್ಕೆ ಎಸ್ಟೇಟಿನ ರೈಟರು ಹಾಜರಿ ಕರೆಯುವಷ್ಟರಲ್ಲಿ ಕೆಳಗಿಳಿದು ಕಾಫಿ ಹಣ್ಣಿನ ಪಿಕಿಂಗಿಗೆ ನಿಲ್ಲಬೇಕು.

ಪಿಕಿಂಗಿನಲ್ಲಿ ಹೆಂಗಸರು ತಂತಮ್ಮ ಚೀಲದ ಬಾಯಿಗೆ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟುತ್ತಾರೆ. ತೂಕದ ಹೊತ್ತಿಗೆ ಯಾರ ಹಣ್ಣು ಯಾರದೆಂದು ಬೆರೆತುಹೋಗಬಾರದಲ್ಲ. ಯಮುನ ಫೋನುಗಳಿಗೂ ಹಾಗೇ ಕಟ್ಟಿದ್ದರು. ಎಡವಟ್ಟಾದದ್ದೂ ಅಲ್ಲೇ. ಎರಡು ಮಳೆಗಾಲದ ಹಿಂದೆ ಮಾಡು ಸೋರಿ ಚೀಲ ನೆನೆದು, ಕೆಂಪು ಬಟ್ಟೆ ಬಣ್ಣ ಬಿಟ್ಟು ಇನ್ನೊಂದು ಫೋನಿನ ಕಿತ್ತಳೆ ಬಟ್ಟೆಯ ಹಾಗೇ ಕಾಣತೊಡಗಿತು. ಇವರು ಕಿತ್ತಳೆ ಫೋನಿಗೇ ಎರಡೆರಡು ಸಲ ರೀಚಾರ್ಜು ಮಾಡಿಸಿದರು, ಕೆಂಪಿನದಕ್ಕೆ ಇಲ್ಲವೇ ಇಲ್ಲ. ತಿಂಗಳುಗಳು ಕಳೆದು ಆ ಸಿಮ್ಮು ಸತ್ತಿತು. ಕಂಪನಿಯವರು ನಂಬರನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟರು.

ಕೆಂಪು ಫೋನು ಪಕ್ಕದ ಲೈನಿನ ಸುಮಿತ್ರಮ್ಮ ಅವರದು. ಅದೇ ಹೊತ್ತಿಗೆ ಮಸ್ಕತ್ತಿನಲ್ಲಿ ಅವರ ಕರಾರು ಮುಗಿದಿತ್ತು. ಟಿಕೆಟ್ ನೀನೇ ಮಾಡಿಕೋ, ತೋರಿಸಿದ ದಿನ ಪಾಸ್‌ಪೋರ್ಟ್ ಕೊಡುತ್ತೇನೆ ಎಂದ ಯಜಮಾನ. ಟಿಕೆಟ್ಟಿನ ದುಡ್ಡು ವಿರಾಜಪೇಟೆಯ ಖಾತೆಯಲ್ಲಿ, ಖಾತೆಯ ಒಟಿಪಿ ಗುರುತಿಲ್ಲದವನ ಜೇಬಿನಲ್ಲಿ.

"ತಪ್ಪು ನಂದೇ. ಅವ್ಳು ಬೈದಿದ್ರೆ ವಾಸಿಯಾಗಿತ್ತು. ಅಳ್ತಾ ಇದ್ಲು" ಎನ್ನುವಾಗ ಯಮುನ ಫೋನುಗಳತ್ತಲೇ ನೋಡುತ್ತಾರೆ.

ಕೂಲಿ ಬಿಟ್ಟು ಏಳು ಸಲ ಬ್ಯಾಂಕಿಗೆ ಹೋದರು. ನಂಬರ್ ಬದಲಿಸಲು ಖಾತೆದಾರರೇ ಖುದ್ದಾಗಿ ಬರಬೇಕೆಂದು ಏಳು ಸಲವೂ ಹೇಳಿದರು. ಬರಲೆಂದೇ ಅವಳಿಗೆ ದುಡ್ಡು ಬೇಕಾಗಿರುವುದು ಎಂದು ಇವರು ಬಿಡಿಸಿ ಹೇಳಿದರು. ಊರಿಗೆ ಬಂದರೆ ಖಾತೆ, ಖಾತೆ ಸಿಕ್ಕರೆ ಊರು! ಇದನ್ನು ನಿಯಮ ಎನ್ನುವವರಿಗೆ ನಾಚಿಕೆಯಾಗಬೇಕು. ಏಳನೆಯ ಸಲ ಮ್ಯಾನೇಜರು, ಊರವರ ಒಟಿಪಿಯೆಲ್ಲ ನಿನಗೇಕೆ ಬೇಕು, ಪೊಲೀಸರಿಗೆ ಹೇಳಲೇ ಎಂದು ಎಲ್ಲರೆದುರು ಗದರಿದರು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಕಳ್ಳಿಯ ಹಾಗೆ ಮೆಟ್ಟಿಲಿಳಿದು ಬಂದದ್ದು ಇವತ್ತಿಗೂ ಮರೆತಿಲ್ಲ.

ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಕೂತು, ಸತ್ತ ನಂಬರಿಗೇ ಒಂದು ಕರೆ ಮಾಡಿದರು. ಎತ್ತಿದವರು ಕುಶಾಲನಗರದ ಹತ್ತಿರ ಶುಂಠಿ ಬೆಳೆಯುವ ಸಣ್ಣಸ್ವಾಮಿ. ಮೋಸದ ಕರೆಯೆಂದು ಎರಡು ಸಲ ಕಟ್ ಮಾಡಿದರು. ಮೂರನೆಯ ಸಲ ಪೂರ್ತಿ ಕೇಳಿಸಿಕೊಂಡರು.

"ನಾನ್ಯಾಕವ್ವ ನಿನ್ನ ನಂಬ್ಲಿ?" ಎಂದರಂತೆ.

"ನಂಬ್ಬೇಡಿ ಅಣ್ಣ. ಅವ್ಳನ್ನೇ ಕೇಳಿ" ಎಂದು ಯಮುನ, ಸುಮಿತ್ರಮ್ಮನ ಮಸ್ಕತ್ತಿನ ನಂಬರ್ ಕೊಟ್ಟರು. ಸಣ್ಣಸ್ವಾಮಿ ಅವರ ಜೊತೆ ಮಾತಾಡಿ ಒಪ್ಪಿಕೊಂಡರು. ಆ ಭಾನುವಾರ ಶುಂಠಿ ಹೊಲದ ಬದುವಿನಲ್ಲಿ ಕೂತು ಆರು ಅಂಕಿ ಓದಿದರು, ಯಮುನ ಎಂದಿನ ಹಾಗೆ ಬಂಡೆಯ ಮೇಲಿಂದ ದಾಟಿಸಿದರು, ಮಸ್ಕತ್ತಿನ ಅಡುಗೆಮನೆಯಲ್ಲಿ ಟಿಕೆಟ್ ಆಯಿತು. ಕಂಪ್ಯೂಟರು, ಗಾಜಿನ ಕೋಣೆ, ಅಷ್ಟೊಂದು ಸಿಬ್ಬಂದಿ ಇದ್ದ ಬ್ಯಾಂಕು ಮಾಡಲಾರದ್ದನ್ನು ಮೂರು ಕಡೆ ಕೂತ ಮೂವರು ಮೂರು ನಿಮಿಷದಲ್ಲಿ ಮಾಡಿದರು.

ಕಳೆದ ಡಿಸೆಂಬರಿನಲ್ಲಿ ಸುಮಿತ್ರಮ್ಮ ಬಂದಿಳಿದರು. ಬ್ಯಾಂಕಿಗೆ ಯಮುನ ಅವರನ್ನೂ ಕರೆದೊಯ್ದರು. ಒಂದು ಫಾರಂ, ಒಂದು ಸಹಿ, ಹತ್ತು ನಿಮಿಷಕ್ಕೆ ನಂಬರ್ ಬದಲಾಯಿತು. ಮ್ಯಾನೇಜರು ತಲೆ ಎತ್ತಲಿಲ್ಲ. ಚೀಲದಲ್ಲಿ ಹತ್ತಾಯಿತು ಎನ್ನುವಷ್ಟರಲ್ಲಿ ನಾಪೋಕ್ಲಿನ ಹುಡುಗಿಯೊಬ್ಬಳು ದೋಹಾಕ್ಕೆ ಹೊರಟು ತನ್ನದನ್ನು ತಂದಿಟ್ಟಳು. ಈಗ ಪ್ರತಿ ಫೋನಿನ ಬೆನ್ನಿಗೂ ಪೇಂಟಿನಲ್ಲಿ ಹೆಸರು ಬರೆದಿದೆ.

ಯಮುನ ಅವರ ಆಸೆ ಏನೆಂದರೆ, ಯಾವತ್ತಾದರೂ ಈ ಚೀಲ ಖಾಲಿಯಾಗಬೇಕು, ಅವರವರ ಮೆಸೇಜು ಅವರವರ ಕೈಗೇ ಹೋಗಬೇಕು. ಏಳೂಕಾಲಾಗುತ್ತಿದೆ. ಒಂದು ಫೋನು ಸದ್ದು ಮಾಡುತ್ತದೆ, ಯಮುನ ಓದುತ್ತಾರೆ, ಕಳಿಸುತ್ತಾರೆ, ಮೆಸೇಜನ್ನು ಅಳಿಸುತ್ತಾರೆ. ಆಮೇಲೆ ಗೋಣಿ ಕೊಡವಿ ಮಡಚುತ್ತಾ, ಮ್ಯಾನೇಜರಿಗೆ ಅವತ್ತು ಹೇಳಲಾಗದ್ದನ್ನು ಹೇಳುತ್ತಾರೆ:

"ಆರು ವರ್ಷದಿಂದ ಓದ್ತಾ ಇದೀನಿ. ಒಂದು ನಂಬರ್ರೂ ನೆನಪಿಟ್ಕೊಂಡಿಲ್ಲ."