ಕರ್ತೃ: ತಿಳಿದಿಲ್ಲ

ಹೆಮ್ಮಾಡಿಯ ಉಮಾವತಿ ಎಂ.ಎ. ಮಾಡಿದ್ದು ಯಾವ ವಿಷಯದಲ್ಲಿ ಎಂದು ಊರಿನವರಿಗೆ ಕೊನೆಯವರೆಗೂ ಸರಿಯಾಗಿ ಗೊತ್ತಾಗಲಿಲ್ಲ. ಇಂಗ್ಲಿಷ್ ಎಂದು ಕೆಲವರು, ಕನ್ನಡ ಎಂದು ಕೆಲವರು. ತಾಯಿ ಮಾತ್ರ ಕೇಳಿದವರಿಗೆಲ್ಲ, “ಎಲ್ಲಾ ಭಾಷಿ ಸೇರ್ಸಿ ಓದುದಂಬ್ರ್” ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಅದರ ಹೆಸರು ತೌಲನಿಕ ಸಾಹಿತ್ಯ. ಅಣ್ಣ ಭೋಜರಾಜ ಮುಂಬಯಿಯ ಫೋರ್ಟ್ ಕಡೆ ಹೋಟೆಲು ಇಟ್ಟಿದ್ದ. ಬಿ.ಎ. ಮುಗಿಸಿ ಮದುವೆ ಗೊತ್ತಾಗದೆ ಮನೆಯಲ್ಲಿ ಕೂತಿದ್ದ ತಂಗಿಯನ್ನು, “ಮದಿ ಆಪಲ್ಲಿವರಿಗೆ ಓದ್ಲಿ” ಎಂದು ೧೯೫೯ರಲ್ಲಿ ಅವನೇ ಕರೆದುಕೊಂಡು ಹೋಗಿದ್ದ.

ಸೇರಿದ ದಿನವೇ ವಿಭಾಗದವರು ಟೈಪು ಮಾಡಿದ ಒಂದು ಹಾಳೆ ಕೊಟ್ಟರು. ಪದವಿ ಸಿಗಬೇಕಾದರೆ ಏನೇನು ಆಗಬೇಕು ಎಂಬುದೆಲ್ಲ ಅದರಲ್ಲಿತ್ತು. ಎರಡು ಭಾಷೆಗಳನ್ನು ಮೂಲದಲ್ಲೇ ಓದಬೇಕು. ಮೂರನೆಯದನ್ನು ನಿಘಂಟು ಹಿಡಿದಾದರೂ ಓದಿ ಅರ್ಥ ಹೇಳಬೇಕು. ತನ್ನ ತಾಯ್ನುಡಿಯಲ್ಲಿ ಬಾಯಿಂದ ಬಾಯಿಗೆ ಬಂದ ನಲವತ್ತು ಹಾಡುಗಳನ್ನು ತಾನೇ ಹೋಗಿ ಕೇಳಿ ಬರೆದು ತರಬೇಕು. ಅವನ್ನು ಇನ್ನೊಂದು ಭಾಷೆಯ ಹಾಡುಗಳ ಜೊತೆ ಹೋಲಿಸಿ ಪ್ರಬಂಧ ಬರೆಯಬೇಕು. ಒಂದೊಂದು ಹಾಡಿಗೂ ಒಂದೊಂದು ಚೀಟಿ. ಅದರಲ್ಲಿ ಊರು, ಹಾಡುವ ಸಂದರ್ಭ, ಕರ್ತೃ ಎಂದು ಕಲಮುಗಳು. ಕರ್ತೃ ಯಾರೆಂದು ಗೊತ್ತಿರುವ ಹಾಡು ಲೆಕ್ಕಕ್ಕಿಲ್ಲ ಎಂದು ಕೆಳಗೆ ಗೆರೆ ಎಳೆದು ಬರೆದಿತ್ತು.

ಭಾಷೆಯ ಮಾತು ಅವಳಿಗೆ ಕಷ್ಟವಾಗಲಿಲ್ಲ. ಹೋಟೆಲಿನ ಹಿಂದೆ ಅಕ್ಕಿ ಆರಿಸಲು ಬರುತ್ತಿದ್ದ ಘಾಟಿನ ಕಡೆಯ ಹೆಂಗಸರ ಜೊತೆ ಕೂತು ಕೂತು ಮರಾಠಿ ಅವಳ ಬಾಯಿಗೆ ಹತ್ತಿತು. ಅವರು ಬೀಸುವಾಗ ಹಾಡುವ ಹಾಡುಗಳನ್ನೂ ಬರೆದುಕೊಂಡಳು. ಊರಿನ ಹಾಡುಗಳಿಗಾಗಿ ೧೯೬೦ರ ಮೇ ತಿಂಗಳಲ್ಲಿ ಹೆಮ್ಮಾಡಿಗೆ ಬಂದಳು.

ಗದ್ದೆಗೆ ಬರುವ ಹೆಂಗಸರಿಂದ ನಾಟಿ ಹಾಡುಗಳು ಧಾರಾಳವಾಗಿ ಸಿಕ್ಕವು. ಆದರೆ ಮಾರ್ಗದರ್ಶನ ಮಾಡುತ್ತಿದ್ದ ಪ್ರೊಫೆಸರಮ್ಮ ಹೊರಡುವಾಗಲೇ ಹೇಳಿದ್ದರು: ನಾಟಿ ಹಾಡು ಎಲ್ಲರೂ ತರುತ್ತಾರೆ, ನೀನು ಕಡಲ ಕಡೆಯವಳು, ಕಡಲಿನದು ಏನಾದರೂ ತಾ. ಹಾಗಾಗಿ ಗಂಗೊಳ್ಳಿಯಿಂದ ಮೀನು ಬುಟ್ಟಿ ಹೊತ್ತು ಬರುತ್ತಿದ್ದ ಜಲಜಳನ್ನು ಒಂದು ದಿನ ಹಿತ್ತಿಲ ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು ಕೇಳಿದಳು. ಜಲಜಳಿಗೆ ಆಗ ಮೂವತ್ತು ಇರಬಹುದು. ಎರಡು ಮೂರು ಹಾಡು ಹೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಬುಟ್ಟಿಯ ಮೇಲಿನ ಎಲೆಯನ್ನು ಸರಿಮಾಡುತ್ತ ಕೂತಳು.

“ಇನ್ನೊಂದ್ ಇತ್ತ್, ಉಮಕ್ಕ. ಅದ್ ಯಾರೂ ಹಾಡುದಲ್ಲ. ನಾನೇ ಕಟ್ಟದ್ದ್.”

ಮೂರು ವರ್ಷದ ಹಿಂದೆ, ಮಳೆಗಾಲ ಕಳೆದು ಮೊದಲ ಸಲ ದೋಣಿ ಇಳಿಸಿದ ವಾರ, ಅವಳ ಗಂಡನಿದ್ದ ದೋಣಿ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮಗುಚಿತ್ತು. ಉಳಿದಿಬ್ಬರ ಹೆಣ ಮರವಂತೆಯ ಕಡೆ ದಡಕ್ಕೆ ಬಂದವು. ಅವನದು ಬರಲೇ ಇಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಜಲಜ ಕಣ್ಣು ಕೆಳಗೆ ಹಾಕಿಕೊಂಡು ಸಣ್ಣ ದನಿಯಲ್ಲಿ ಹಾಡಿದಳು:

ಕಡ್ಲೇ, ಒಡ್ದ್ ಹಲ್ಗಿ ತಂದ್ ಕೊಟ್ಟೆ,
ಹರ್ದ್ ಬಲಿ ತಂದ್ ಕೊಟ್ಟೆ,
ಹುಟ್ಟ್ ಎರ್ಡೂ ತಂದ್ ಕೊಟ್ಟೆ.
ಬಾರೋ ಮುತ್ತ, ಗಂಜಿ ತಣ್ದ್ ಹೋಯ್ತ್,
ಬಾಗ್ಲ್ ಹಾಕ್ಲಿಲ್ಲೆ ನಾನ್.

ಮುತ್ತ ಎಂದರೆ ಯಾರೆಂದು ಉಮಾವತಿ ಕೇಳುವ ಮೊದಲೇ ಜಲಜಳ ಕಿವಿಯ ತುದಿ ಕೆಂಪಾಗಿತ್ತು. “ಅವ್ರ್ ಹೆಸ್ರ್ ಬಾಯಂಗ್ ಹೇಳುಕಾಗ ಅಲ್ದಾ. ಹಾಡಂಗಾರೆ ತಪ್ಪಿಲ್ಲೆ ಅಂದ್ಹೇಳಿ ಸೇರ್ಸಿದೆ.” ಆಮೇಲೆ ಕೇಳಿದಳು, “ನೀವ್ ಬರ್ದದ್ದ್ ಎಲ್ಲಿಗ್ ಹೋತ್?”

“ಬೊಂಬಾಯಿಗೆ. ಕಾಲೇಜಿಗೆ.”

“ಹಾಂಗಾರೆ ಬರ್ಕಣಿ. ಅವ್ರಿಗೆ ಬೊಂಬಾಯಿ ಕಾಣ್ಕ್ ಅಂದ್ಹೇಳಿ ಭಾರಿ ಇದ್ದಿತ್ತ್. ಹೆಸ್ರಾರೂ ಹೋಯ್ಲಿ.”

ಉಮಾವತಿ ಬರೆದುಕೊಂಡಳು.

ಮುಂಬಯಿಯಲ್ಲಿ ಆ ಚೀಟಿಯನ್ನು ತುಂಬುವಾಗ ಊರು ಬರೆದಳು, ಸಂದರ್ಭ ಬರೆದಳು, ಮೂರನೆಯ ಕಲಮಿನಲ್ಲಿ ಪೆನ್ನು ನಿಂತಿತು. ಅದನ್ನು ಹಾಗೇ ಖಾಲಿ ಬಿಟ್ಟು ಪ್ರೊಫೆಸರಮ್ಮನಿಗೆ ತೋರಿಸಿದಳು. ಕನ್ನಡ ಬಾರದ ಅವರು ಅರ್ಥ ಹೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಂಥದು ಸಿಕ್ಕಿದರೆ ಪ್ರಬಂಧ ತಾನಾಗಿ ಬರೆಸಿಕೊಳ್ಳುತ್ತದೆ ಎಂದರು. ಕಟ್ಟಿದವರು ಯಾರೆಂದು ಗೊತ್ತೆ ಎಂದೂ ಕೇಳಿದರು.

“ಇಲ್ಲ, ಗೊತ್ತಿಲ್ಲ” ಎಂದಳು ಉಮಾವತಿ.

ಆಡುವ ಮೊದಲು ಅವಳು ಯೋಚಿಸಿರಲಿಲ್ಲ. ಆಡಿದ ಮೇಲೆ ಹಿಂದೆಗೆದುಕೊಳ್ಳಲು ಧೈರ್ಯ ಬರಲಿಲ್ಲ. ಸಂಜೆ ಅಣ್ಣನ ಮನೆಯಲ್ಲಿ ಕೂತು ಮೂರನೆಯ ಕಲಮಿನಲ್ಲಿ ‘ತಿಳಿದಿಲ್ಲ’ ಎಂದು ಬರೆದಳು. ಆಗ ಹಾಡಿನ ಒಳಗಿದ್ದ ಹೆಸರು ಕಣ್ಣಿಗೆ ಚುಚ್ಚತೊಡಗಿತು. ಕರ್ತೃ ತಿಳಿಯದ ಹಾಡಿನಲ್ಲಿ ಇಂಥ ಊರಿನ ಇಂಥ ಮುತ್ತ ಎಲ್ಲಿಂದ ಬಂದ ಎಂದು ಯಾರಾದರೂ ಕೇಳದೆ ಇರುತ್ತಾರೆಯೆ? ಅವಳು ಕೊನೆಯ ಅಕ್ಷರದ ತಲೆಕಟ್ಟನ್ನು ಬ್ಲೇಡಿನ ತುದಿಯಿಂದ ಕೆರೆದು ಅಲ್ಲೊಂದು ಎತ್ವ ಎಳೆದಳು. ‘ಬಾರೋ ಮುತ್ತ’ ಇದ್ದದ್ದು ‘ಬಾರೋ ಮುತ್ತೆ’ ಆಯಿತು.

ಅಷ್ಟರಿಂದ ಹಾಡಿನ ಅರ್ಥವೇ ಬೇರೆಯಾಗಿಬಿಟ್ಟಿತು. ಸತ್ತವನನ್ನು ಕಡಲ ತಳದ ಮುತ್ತಿಗೆ ಹೋಲಿಸಿದ ಅನಾಮಿಕ ಕವಯಿತ್ರಿಯ ಪ್ರತಿಭೆಯ ಬಗ್ಗೆ ಉಮಾವತಿ ಹದಿನಾಲ್ಕು ಪುಟ ಬರೆದಳು. ಮರಾಠಿಯ ಬೀಸುವ ಹಾಡಿನಲ್ಲಿ ಗಂಡನನ್ನು ಹೊನ್ನಿಗೆ ಹೋಲಿಸುವುದನ್ನು ಅದರ ಪಕ್ಕದಲ್ಲಿಟ್ಟಳು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಮುತ್ತಿನ ಮಾತನ್ನೇ ಎತ್ತಿ ಹೊಗಳಿದರು. ಮೊದಲ ದರ್ಜೆ ಬಂತು. ಭೋಜರಾಜ ಆ ದಿನ ಹೋಟೆಲಿಗೆ ಬಂದವರಿಗೆಲ್ಲ ಅಕ್ಕಿ ಬೆಲ್ಲದ ಹಾಲುಬಾಯಿ ಪುಕ್ಕಟೆ ಹಂಚಿದ.

ಅದಾದ ಮೇಲೆ ರಜೆಗೆ ಊರಿಗೆ ಬಂದಾಗ ಹಿತ್ತಿಲಲ್ಲಿ ಜಲಜಳ ದನಿ ಕೇಳಿದರೆ ಉಮಾವತಿ ಒಳಕೋಣೆ ಸೇರುತ್ತಿದ್ದಳು. “ಉಮಕ್ಕ ಬಂದಿರಂಬ್ರಲೆ” ಎಂದು ಅವಳು ಕೇಳುವುದೂ, “ತಲಿ ನೋವಂಬ್ರ್, ಮನಿಕಂಡಿದ್ಲ್” ಎಂದು ತಾಯಿ ಉತ್ತರ ಕೊಡುವುದೂ ಗೋಡೆಯಾಚೆಯಿಂದ ಕೇಳುತ್ತಿತ್ತು. ಒಂದು ಸಲ ಜಲಜ ಅವಳಿಗೆಂದೇ ದೊಡ್ಡ ಕಾಣೆ ಮೀನು ಬಿಟ್ಟುಹೋದಳು. ಮಧ್ಯಾಹ್ನ ಊಟಕ್ಕೆ ಕೂತವಳು ಆ ತುಂಡನ್ನು ತಾಯಿಯ ಬಟ್ಟಲಿಗೆ ಹಾಕಿದಳು.

೧೯೬೩ರ ಹೊತ್ತಿಗೆ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿ ಹೊಸ ಕಾಲೇಜೊಂದು ಶುರುವಾಯಿತು. ಉಮಾವತಿ ಅಲ್ಲಿ ಕನ್ನಡ ಅಧ್ಯಾಪಕಿಯಾದಳು. ಮದುವೆಯ ಮಾತು ಎರಡು ಕಡೆ ಬಂದು ತಪ್ಪಿಹೋಯಿತು. ಅವಳಿಗೆ ಅದರ ಚಿಂತೆ ಹೆಚ್ಚಿರಲಿಲ್ಲ. ಪಾಠ ಚೆನ್ನಾಗಿ ಮಾಡುತ್ತಾಳೆ ಎಂಬ ಹೆಸರು ಬಂತು. ನಾಲ್ಕು ವರ್ಷವಾದ ಮೇಲೆ ಪಿ.ಯು.ಸಿ.ಗೆ ಹೊಸ ಪಠ್ಯಪುಸ್ತಕ ಬಂದಾಗ ಅದರ ಜನಪದ ಭಾಗದಲ್ಲಿ ಅವಳು ಸಂಗ್ರಹಿಸಿದ ಹಾಡಿತ್ತು. ಪ್ರಬಂಧವನ್ನು ಯಾರೋ ಓದಿ ಆರಿಸಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ಕಡಲ ಮುತ್ತು’ ಎಂದು ತಲೆಬರಹ, ಕೆಳಗೆ ‘ಕರ್ತೃ: ತಿಳಿದಿಲ್ಲ. ಸಂಗ್ರಹ: ಕು. ಉಮಾವತಿ.’

ಆ ಪಾಠವನ್ನು ಅವಳು ಮುಂದೂಡುತ್ತ ಬಂದಳು. ಕೊನೆಗೆ ಜನವರಿಯಲ್ಲಿ ಮಾಡಲೇಬೇಕಾಯಿತು. ಹಾಡು ಓದಿ, ರೂಪಕದ ಮಾತಿಗೆ ಬರುತ್ತಿದ್ದಂತೆ ಹುಡುಗಿಯರ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಗಂಗೊಳ್ಳಿಯಿಂದ ದೋಣಿ ದಾಟಿ ಬರುತ್ತಿದ್ದ ಪುಷ್ಪ. ಅವರ ಕೇರಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಅವಳು ಯಾರ ಮಗಳೆಂದು ಹಾಜರಿ ಕರೆಯುವಾಗೆಲ್ಲ ಉಮಾವತಿಗೆ ನೆನಪಾಗುತ್ತಿತ್ತು.

“ಅದು ಮುತ್ತೆ ಅಲ್ಲ ಮೇಡಂ, ಮುತ್ತ. ನಮ್ಮ ಅಪ್ಪಯ್ಯ. ಹಾಡು ನಮ್ಮ ಅಬ್ಬಿ ಕಟ್ಟಿದ್ದು.”

ಹುಡುಗಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಪುಸ್ತಕದಲ್ಲಿ ಆಗಿರುವ ಅಚ್ಚಿನ ತಪ್ಪನ್ನು ಮೇಡಮ್ಮಿಗೆ ತೋರಿಸುವವಳಂತೆ, ಸ್ವಲ್ಪ ಹೆಮ್ಮೆಯಿಂದಲೇ ನಿಂತಿದ್ದಳು. ಉಮಾವತಿ ಆಗಲೇ ನಿಜ ಹೇಳಬಹುದಿತ್ತು. ಅರವತ್ತು ಮಕ್ಕಳ ಕಣ್ಣು ತನ್ನ ಮೇಲಿದೆ ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು.

“ಜನಪದ ಹಾಡುಗಳು ಹಾಗೆಯೇ ಪುಷ್ಪ. ಎಲ್ಲರ ಬಾಯಲ್ಲೂ ಇರುತ್ತವೆ, ಎಲ್ಲರಿಗೂ ತಮ್ಮದೇ ಅನಿಸುತ್ತವೆ. ನಿಮ್ಮ ತಾಯಿ ಎಲ್ಲಿಯೋ ಕೇಳಿ ಕಲಿತು ನಿಮ್ಮ ತಂದೆಯ ಹೆಸರು ಸೇರಿಸಿಕೊಂಡಿರಬೇಕು. ಕೂತುಕೋ.”

ಗಂಡುಮಕ್ಕಳ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪುಷ್ಪ ಕೂತಳು. ಗಂಟೆ ಹೊಡೆಯುವವರೆಗೆ ಮುತ್ತಿನ ರೂಪಕವನ್ನು ವಿವರಿಸುತ್ತಲೇ ಇದ್ದ ತನ್ನ ದನಿ ಉಮಾವತಿಗೇ ಬೇರೆಯವರದಾಗಿ ಕೇಳಿತು. ಮುಂಬಯಿಯಲ್ಲಿ ಆಡಿದ ಸುಳ್ಳು ಒಂದು ಕಾಗದಕ್ಕೆ ಆಡಿದ್ದು ಎಂದು ಇಷ್ಟು ವರ್ಷ ಅವಳು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಿದ್ದಳು. ಇದನ್ನು ಏನೆಂದು ಹೇಳಿಕೊಳ್ಳುವುದು? ತಂದೆಯನ್ನು ಕಳೆದುಕೊಂಡ ಹುಡುಗಿಯನ್ನು ಎಲ್ಲರೆದುರು ಸುಳ್ಳುಗಾತಿ ಮಾಡಿದ್ದಳು.

ಮಾರನೆಯ ದಿನ ಪುಷ್ಪ ಬಂದಳು. ಅದರ ಮಾರನೆಯ ದಿನವೂ ಬಂದಳು. ಪುಸ್ತಕದಿಂದ ತಲೆ ಎತ್ತಲಿಲ್ಲ.

ಭಾನುವಾರ ಉಮಾವತಿ ಗಂಗೊಳ್ಳಿಗೆ ಹೋದಳು. ಜಲಜ ಅಂಗಳದಲ್ಲಿ ಉಪ್ಪು ಹಾಕಿದ ಬಂಗುಡೆಗಳನ್ನು ಚಾಪೆಯ ಮೇಲೆ ಹರಡುತ್ತಿದ್ದಳು. ಉಮಾವತಿಯನ್ನು ಕಂಡು ಕೈ ತೊಳೆದು, ಮಣೆ ತಂದಿಟ್ಟಳು. ಬಾಯಾರಿಕೆಗೆ ಏನು ಬೇಕೆಂದು ಕೇಳಿದಳು. ಎಲ್ಲ ಮರ್ಯಾದೆಯೂ ಇತ್ತು, ಮೊದಲಿನ ನಗು ಮಾತ್ರ ಇರಲಿಲ್ಲ. ಉಮಾವತಿ ಹೇಗೋ ಮಾತು ಶುರು ಮಾಡಿ, ಪದವಿಯ ನಿಯಮ, ಚೀಟಿ, ಮೂರನೆಯ ಕಲಮು, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೋದ ಹಾಗೆ ಅದೆಲ್ಲ ಎಷ್ಟು ಸಣ್ಣದೆಂದು ಅವಳಿಗೇ ಕಂಡಿತು.

“ನಂಗೆ ಓದುಕ್ ಬತ್ತಿಲ್ಲೆ. ಹೆಣ್ಣ್ ಓದಿ ಹೇಳ್ತ್” ಎಂದಳು ಜಲಜ. “ನನ್ನ್ ಹೆಸ್ರ್ ಹಾಕ್ದೆ ಇದ್ರೆ ಎಂತದೂ ಇಲ್ಲೆ ಉಮಕ್ಕ. ನಾನ್ ಇಲ್ಲೇ ಇದ್ದೆ, ಎಲ್ಲರೂ ಕಾಂತ್ರ್. ಅವ್ರದ್ದ್ ಹಾಂಗಲ್ಲ. ಹೆಣ ಬರ್ಲಿಲ್ಲೆ. ಸುಡುಕೆ ಎಂತದೂ ಸಿಕ್ಲಿಲ್ಲೆ. ಆ ಹೆಸ್ರ್ ಒಂದ್ ಇದ್ದಿತ್ತ್. ಅದನ್ನೂ ತೆಗ್ದ್ರಿ.”

“ತಪ್ಪಾಯ್ತ್ ಜಲಜ.”

“ಹೂಂ.”

ಚಾಪೆಯ ಮೇಲೆ ಇಳಿದ ಕಾಗೆಯನ್ನು ಜಲಜ ಕೋಲೆತ್ತಿ ಓಡಿಸಿದಳು.

“ನಂಗ್ ಹೇಳಿ ಎಂತ ಆಪುದ್? ನಾನ್ ಸುಳ್ಳ್ ಹೇಳ್ತಿಲ್ಲೆ ಅಂದ್ಹೇಳಿ ನಂಗೆ ಗೊತ್ತಿತ್ತ್. ಹೆಣ್ಣಿಗೆ ಎಲ್ಲರೆದ್ರ್ ಅಂದ್ರಿ ಅಲ್ದಾ, ಎಲ್ಲರೆದ್ರೇ ಹೇಳಿ.”

ಸೋಮವಾರ ಉಮಾವತಿ ತರಗತಿಗೆ ಹೋಗಿ ಪುಸ್ತಕ ತೆರೆಯದೆ ನಿಂತಳು. ಬಸ್ಸಿನ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಬರಲಿಲ್ಲ. “ಪುಷ್ಪ ಹೇಳಿದ್ದು ನಿಜ. ಹಾಡು ಅವಳ ತಾಯಿ ಜಲಜ ಕಟ್ಟಿದ್ದು. ಮುತ್ತ ಅವಳ ತಂದೆ. ನನಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಪದವಿಗಾಗಿ ಅಕ್ಷರ ತಿದ್ದಿದವಳು ನಾನು. ಆ ದಿನ ಸುಳ್ಳು ಹೇಳಿದವಳೂ ನಾನೇ.” ಎಲ್ಲರೂ ಪುಸ್ತಕದಲ್ಲಿ ಪೆನ್ನಿನಿಂದ ತಿದ್ದಿಕೊಳ್ಳಬೇಕೆಂದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿದ್ದಿದರು. ಪುಷ್ಪ ತಿದ್ದಲಿಲ್ಲ. ಅವಳ ಪುಸ್ತಕದಲ್ಲಿ ಆಗಲೇ ತಿದ್ದಿಯಾಗಿತ್ತು.

ಪದವಿ ಕೊಟ್ಟ ವಿಶ್ವವಿದ್ಯಾಲಯಕ್ಕೂ ಪಠ್ಯಪುಸ್ತಕದ ಸಮಿತಿಗೂ ಅವಳು ಅದೇ ವಾರ ಕಾಗದ ಬರೆದಳು. ಪದವಿ ಹಿಂದಕ್ಕೆ ತೆಗೆದುಕೊಂಡರೂ ಸರಿ ಎಂದು ಬರೆದಿದ್ದಳು; ಕೆಲಸ ಹೋದೀತೆಂದು ತಾಯಿಗೆ ಮೊದಲೇ ತಿಳಿಸಿದ್ದಳು. ಮೂರು ತಿಂಗಳ ಮೇಲೆ ಮುಂಬಯಿಯಿಂದ ನಾಲ್ಕು ಸಾಲಿನ ಉತ್ತರ ಬಂತು. ಪ್ರೊಫೆಸರಮ್ಮ ನಿವೃತ್ತರಾಗಿದ್ದಾರೆ, ನಿಮ್ಮ ಕಾಗದವನ್ನು ಪ್ರಬಂಧದ ಪ್ರತಿಯೊಳಗೆ ಇಡಲಾಗಿದೆ, ಬೇರೆ ಕ್ರಮದ ಅಗತ್ಯ ಕಾಣುವುದಿಲ್ಲ. ಅವಳಿಗೆ ಅದನ್ನು ಓದಿ ಹಗುರವಾಗಲಿಲ್ಲ. ಯಾರಾದರೂ ಬೈದಿದ್ದರೆ ಒಳ್ಳೆಯದಿತ್ತು ಅನಿಸಿತು. ಸಮಿತಿಯವರು ಉತ್ತರವನ್ನೇ ಬರೆಯಲಿಲ್ಲ. ಮುಂದಿನ ಮುದ್ರಣದಲ್ಲಿ ಆ ಪುಟದಲ್ಲಿ ಬೇರೊಂದು ಹಾಡಿತ್ತು. ಮುತ್ತನ ಹೆಸರು ಅಚ್ಚಿನಲ್ಲಿ ಎಲ್ಲಿಯೂ ಬರಲಿಲ್ಲ.

ಇದನ್ನು ಹೇಳಲು ಮತ್ತೊಮ್ಮೆ ಗಂಗೊಳ್ಳಿಗೆ ಹೋಗಬೇಕೆಂದುಕೊಂಡಳು. ಹೋಗಲಿಲ್ಲ. ಆ ವೇಳೆಗೆ ಹೆಮ್ಮಾಡಿಯ ಮನೆಗೆ ಮೀನು ತರುತ್ತಿದ್ದವಳು ಕುಸುಮ ಎಂಬ ಬೇರೆ ಹೆಂಗಸು. ಜಲಜಳಿಗೆ ಈಗ ತ್ರಾಸಿಯ ಕಡೆ ವ್ಯಾಪಾರವಂತೆ ಎಂದಳು ತಾಯಿ.

೧೯೭೨ರ ಜೂನಿನಲ್ಲಿ ಒಂದು ದಿನ ಉಮಾವತಿ ಯಾರದೋ ಮದುವೆ ಮುಗಿಸಿ ಬೈಂದೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಕೊಡೆ ಮಡಚಿಕೊಂಡು ಬಂದು ನಿಂತವಳು ಪುಷ್ಪ. ಟೀಚರ್ ಟ್ರೈನಿಂಗ್ ಮುಗಿಸಿ ಶಿರೂರಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಕೈಯಲ್ಲಿ ಮಕ್ಕಳ ಕಾಪಿ ಪುಸ್ತಕಗಳ ಕಟ್ಟು.

“ಹುಷಾರಿದ್ರ್ಯಾ ಮೇಡಂ?” ಎಂದಳು.

“ಹೂಂ. ಅಬ್ಬಿ ಹ್ಯಾಂಗಿದ್ರ್?” ಜಲಜಳ ಬಗ್ಗೆ ಬಹುವಚನ ಆಡಿದ್ದು ಅದೇ ಮೊದಲ ಸಲ, ಆಡಿದ ಮೇಲೆಯೇ ಉಮಾವತಿಗೆ ಗೊತ್ತಾಯಿತು.

“ಇದ್ರ್. ಮೊಣಕಾಲ್ ನೋವ್. ಬುಟ್ಟಿ ಹೊರುದ್ ಬೇಡ ಅಂದ್ರೂ ಕೇಂತಿಲ್ಲೆ.”

ಆ ಹಾಡನ್ನು ಈಗಲೂ ಹಾಡುತ್ತಾರೆಯೆ ಎಂದು ಕೇಳಬೇಕೆನಿಸಿತು. ಕೇಳುವ ಹಕ್ಕು ತನಗಿಲ್ಲ ಎಂದುಕೊಂಡಳು. ಅಷ್ಟರಲ್ಲಿ ಶಿರೂರಿನ ಬಸ್ಸು ಬಂತು.

“ಬತ್ತೆ ಮೇಡಂ” ಎಂದು ಪುಷ್ಪ ಪುಸ್ತಕದ ಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮಳೆಯ ಹನಿ ತಪ್ಪಿಸುತ್ತ ಹತ್ತಿ, ಆಚೆ ಬದಿಯ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತಳು.